ಸಕ್ಕರೆ ಹಾಕುವ ಮೊದಲು

೫ ಮಾರ್ಚ್ ೧೯೭೯, ಸೋಮವಾರ

ತಹಶೀಲ್ದಾರರು ಕೊಟ್ಟ ಮಾತು: ಊರ ಹೊಟೇಲಿನಲ್ಲಿ ಎಲ್ಲರಿಗೂ ಒಂದೇ ಕಪ್ಪುಬಸಿ. ಹೊರಗೋಡೆಯ ಗೂಡಿನಲ್ಲಿ ನಮ್ಮವರಿಗೆಂದು ಇಟ್ಟ ಗ್ಲಾಸುಗಳನ್ನು ತಾವೇ ನಿಂತು ತೆಗೆಸುವುದು. ಹೊರಗಿನ ಕಟ್ಟೆ ಬಿಟ್ಟು ಒಳಗಿನ ಬೆಂಚಿನ ಮೇಲೆ ಕೂಡ್ರಿಸುವುದು. ಇದೆಲ್ಲ ಸಂಕ್ರಮಣದೊಳಗೆ.

ಸಿಕ್ಕದ್ದು: ಏನೂ ಇಲ್ಲ. ಸಂಕ್ರಮಣ ಹೋಯಿತು, ಶಿವರಾತ್ರಿ ಹೋಯಿತು. ಗ್ಲಾಸು ಗೂಡಿನಲ್ಲೇ ಇವೆ.

ದವಾಖಾನೆಯ ಡಾಕ್ಟರು ಇವತ್ತು ನನಗೆ ಬೇಡವೆಂದದ್ದು: ಸಕ್ಕರೆ, ಬೆಲ್ಲ, ಹೋಳಿಗೆ, ಬಾಳೆಹಣ್ಣು, ತಟ್ಟೆ ತುಂಬ ಅನ್ನ. ಬರಿಗಾಲಲ್ಲಿ ತಿರುಗುವುದು. ಹೊತ್ತು ತಪ್ಪಿ ಉಣ್ಣುವುದು. ಬಾಗಿಲ ತನಕ ಬಂದವಳನ್ನು ಮತ್ತೆ ಕರೆದು ಇನ್ನೊಂದು ಸೇರಿಸಿದರು: ಸಿಟ್ಟು.

ಸಿಟ್ಟು ಬೇಡವಂತೆ! ಸಿಟ್ಟು ಬಿಟ್ಟರೆ ನನ್ನ ಹತ್ತಿರ ಉಳಿಯುವುದೇನು? ಗೊಳಸಂಗಿಯ ತವರಿನಿಂದ ತಂದ ಎರಡು ಹಿತ್ತಾಳೆ ತಂಬಿಗೆ ಅಷ್ಟೇ.

ನನ್ನ ಉಚ್ಚೆಯನ್ನು ನೀಲಿ ಔಷಧಕ್ಕೆ ಹಾಕಿ ಕಾಸಿದರು. ಕಣ್ಣೆದುರೇ ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು. ಸಕ್ಕರೆ ಕಾಯಿಲೆ ಎಂದರು, ಜೀವನಪೂರ್ತಿ ಎಂದರು. ಗುಳಿಗೆ ಕೊಟ್ಟರು. ಇದನ್ನು ಯಾರಿಗೂ ಹೇಳುವುದಿಲ್ಲ. ಬಾಲವಾಡಿಯಲ್ಲಿ ಕಲಿಸುವ ಅಕ್ಕೋರು ಶೆಟ್ಟೆವ್ವ, ಸಂಘದ ಕಾರ್ಯದರ್ಶಿ, ಸಾಹುಕಾರರ ಬ್ಯಾನಿ ಹಚ್ಚಿಕೊಂಡು ಬಂದಳು ಎಂದು ಊರು ನಗುವುದಕ್ಕೆ ನಾನು ಅವಕಾಶ ಕೊಡುವುದಿಲ್ಲ. ನನ್ನ ಮೈ ಸಹ ಆ ಪಾರ್ಟಿ ಸೇರಿತು, ದ್ರೋಹಿ.

ಭೀಮಶ್ಯಾನಿಗೆ ಮಾತ್ರ ಹೇಳಿದೆ. ಗಂಡನ ಹೆಸರು ಹಿಡಿಯುವ ಹೆಂಗಸು ಓಣಿಯಲ್ಲಿ ನಾನೊಬ್ಬಳೇ, ದಿನಚರಿಯಲ್ಲಂತೂ ಹಿಡಿದೇ ಹಿಡಿಯುತ್ತೇನೆ. ಲಾರಿ ಮೇಲೆ ಹಮಾಲಿ ಮಾಡಿ ಸಿಂದಗಿಯಿಂದ ಆಗಷ್ಟೇ ಇಳಿದಿದ್ದ. ಮೈಮೇಲಿನ ತೊಗರಿ ಹೊಟ್ಟು ಸಹ ಕೊಡವಿರಲಿಲ್ಲ.

"ಹಂಗಾರ ಇನ್ನ ಮ್ಯಾಲ ಸಾಹುಕಾರ್ತಿ ಅನ್ಲೇನು?"

"ಅಂದು ನೋಡ್ರಿ, ಬಾಯಾಗಿನ ಹಲ್ಲು ಕೈಯಾಗ ಕೊಡ್ತೇನಿ."

ನಕ್ಕ. ಆಮೇಲೆ ಗುಳಿಗೆಯ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದ. ಅದು ನನಗೆ ಸೇರಲಿಲ್ಲ.

೯ ಮಾರ್ಚ್, ಶುಕ್ರವಾರ

ಹೊಟೇಲಿನ ಗ್ಲಾಸು ತೆಗೆಸಲೆಂದು ಸಂಘ ಕಟ್ಟಿದ ದಿನ ನಾನೇ ಬರೆದ ನಿಯಮ ಇದು. ಸಂಘದವರು ಯಾರ ಮನೆಗೆ ಹೋದರೂ ಅಲ್ಲಿ ಕೊಟ್ಟದ್ದನ್ನು ಅಲ್ಲೇ ಕೂತು ಕುಡಿಯಬೇಕು. ನಮ್ಮ ಹೊಲೆಯರ ಓಣಿಯವರು ಮಾದರ ಓಣಿಯಲ್ಲಿ, ಅವರು ನಮ್ಮಲ್ಲಿ. ಯಾಕೆಂದರೆ ನಾವೇನು ಕಡಿಮೆ ಇರಲಿಲ್ಲ. ಹೊಟೇಲಿನವನು ನಮ್ಮನ್ನು ಹೊರಗೆ ಕೂಡ್ರಿಸಿದ ಎಂದು ಒದರುತ್ತ ಬಂದು ಮಾದರ ಮನೆಯ ನೀರನ್ನು ನಮ್ಮವರೇ ಮುಟ್ಟುತ್ತಿರಲಿಲ್ಲ. ಆ ಹೊಲಸನ್ನು ತೊಳೆದದ್ದು ಚಹಾದಿಂದ. ಮೊದಲ ಸಲ ಅಲ್ಲಿಯ ಯಲ್ಲವ್ವನ ಮನೆಯ ಚಹಾ ಕುಡಿದು ಬಂದಾಗ ನಮ್ಮ ಓಣಿಯ ಹೆಂಗಸರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಅವರೇ ಹೋಗಿ ಕುಡಿದು ಬರುತ್ತಾರೆ.

ಇವತ್ತು ಎರಡೂ ಓಣಿಯಲ್ಲಿ ತಿರುಗಿದೆ. ತಹಶೀಲ್ದಾರರ ಕಚೇರಿ ಮುಂದೆ ಸರದಿ ಉಪವಾಸ ಕೂಡ್ರಲು ಹೆಸರು ಬರೆಸಬೇಕಿತ್ತು. ಮನೆಮನೆಯಲ್ಲೂ ಚಹಾ. ಬಡವರ ಚಹಾದಲ್ಲಿ ಹಾಲು ಇಲ್ಲದಿದ್ದರೆ ನಡೆಯುತ್ತದೆ, ಸಕ್ಕರೆ ಕಡಿಮೆಯಾದರೆ ಮರ್ಯಾದೆ ಹೋಗುತ್ತದೆ. ಚಮಚೆ ನಿಲ್ಲುವಷ್ಟು ಹಾಕಿ ಕೊಟ್ಟರು. ಎಲ್ಲ ಕುಡಿದೆ. ಡಾಕ್ಟರ ಮಾತು ದವಾಖಾನೆಯಲ್ಲೇ ಇರಲಿ.

೧೫ ಮಾರ್ಚ್, ಗುರುವಾರ

ಬಾಯಿ ಒಣಗುತ್ತದೆ. ಪಾದದಲ್ಲಿ ಇರುವೆ ಹರಿದ ಹಾಗೆ. ಬಾಲವಾಡಿಯಲ್ಲಿ ಒಂದು ಹುಡುಗಿ ಬರೆಯುವ ಪಾಟಿ ಒಡೆದಳೆಂದು ಕೂಗಿದ ಕೂಗಿಗೆ ಎಲ್ಲ ಮಕ್ಕಳೂ ಅಳಲು ಸುರು ಮಾಡಿದವು. ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು ಬಂತು. ಹೊಗೆ. ಒಲೆಯ ಹೊಗೆ.

೧೭ ಮಾರ್ಚ್, ಶನಿವಾರ

ಯಲ್ಲವ್ವನ ಮನೆಗೆ ಹೋಗಿದ್ದೆ. ಮಾದರ ಓಣಿಯನ್ನು ಸಂಘಕ್ಕೆ ತಂದವಳು ಅವಳೇ, ನಾನಲ್ಲ. ಅವಳು ಎದ್ದರೆ ಓಣಿ ಏಳುತ್ತದೆ, ಕೂತರೆ ಕೂಡ್ರುತ್ತದೆ. ಗುರುವಾರದ ಉಪವಾಸಕ್ಕೆ ಮೊದಲ ಸರದಿ ಯಾರದು ಎಂದು ಮಾತಾಡುತ್ತಿರುವಾಗ ಚಹಾ ತಂದಿಟ್ಟಳು. ಮುಂಜಾನೆಯಿಂದ ತಲೆ ತಿರುಗುತ್ತಿತ್ತು. ಬಸಿಯ ವಾಸನೆ ಮೂಗಿಗೆ ಬಂದದ್ದೇ ಹೊಟ್ಟೆ ತೊಳಸಿತು.

"ಬ್ಯಾಡ ಯಲ್ಲವ್ವ. ಈಗ ಕುಡದು ಬಂದೇನಿ."

"ಎಲ್ಲಿ ಕುಡದಿ?"

"ಮನ್ಯಾಗ."

"ನಿಮ್ಮ ಮನ್ಯಾಗ ಇವತ್ತ ಒಲಿ ಹತ್ತಿಲ್ಲ. ನಾ ನಿಮ್ಮ ಬಾಗಲ ಮುಂದ ಹಾದು ಬಂದೇನಿ."

ಆ ಹೊತ್ತಿಗೆ ನಿಜ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಹೇಳದೆ ಸೆರಗು ಸರಿಮಾಡಿಕೊಂಡು ಎದ್ದೆ. ಯಲ್ಲವ್ವ ಬಸಿ ಎತ್ತಿಕೊಂಡು ಹೋಗಿ ಹಿತ್ತಲ ಬೂದಿಗೆ ಚೆಲ್ಲಿ ಬಂದಳು. ಇಷ್ಟು ದಿನ ನನ್ನನ್ನು ಅಕ್ಕಾ ಅಂತಿದ್ದವಳು ಬಾಗಿಲಲ್ಲಿ ಹೇಳಿದಳು:

"ಹೋಗಿ ಬರ್ರಿ ಅಕ್ಕೋರ. ನೀವು ದೊಡ್ಡವರು ಆದ್ರಿ."

೧೮ ಮಾರ್ಚ್, ರವಿವಾರ

ಅಬ್ದುಲಗನಿ ಟೇಲರನ ಅಂಗಡಿಯಲ್ಲಿ ಸಭೆ. ಮಾದರ ಓಣಿಯಿಂದ ಒಂದು ಮಗುವೂ ಬರಲಿಲ್ಲ.

ಸಂಘದ ಅಧ್ಯಕ್ಷ ಶಂಕ್ರೆಪ್ಪ ಕಾಕಾ ಕೋಲು ಕುಟ್ಟಿ ಕೇಳಿದರು, "ಶೆಟ್ಟೆವ್ವ, ಯಲ್ಲವ್ವನ ಮನ್ಯಾಗ ಚಾ ಬ್ಯಾಡಂದೆಂತ? ಹೌದಿಲ್ಲೋ?"

"ಹೌದು."

"ಯಾಕ?"

"ಮನಸ ಇರಲಿಲ್ಲ."

ಅಬ್ದುಲಗನಿ ಕತ್ತರಿ ಕೆಳಗಿಟ್ಟ. "ಮನಸ! ಹೊಟೇಲ ಸಂಗಣ್ಣಗ ಕೇಳ್ರಿ, ಅವನೂ ಹಿಂಗ ಅಂತಾನ. ನಿಮ್ಮನ್ನ ಒಳಗ ಕೂಡಸಾಕ ಅವಗೂ ಮನಸ ಇಲ್ಲ."

ಸಭೆ ನಕ್ಕಿತು. ನಾನು ಎದ್ದು ಬಂದೆ. ಬರುವಾಗ ಎಲ್ಲರಿಗೂ ಬಾಯಿಗೆ ಬಂದದ್ದು ಅಂದು ಬಂದೆ, ಕಾಕಾನಿಗೂ ಅಂದೆ. ಕಾರ್ಯದರ್ಶಿ ಕೆಲಸ ಬಿಡುತ್ತೇನೆ. ಉಪವಾಸದ ಮೊದಲ ಸರದಿ ಮಾತ್ರ ನನ್ನದೇ. ಕೂತು ತೋರಿಸಿ ಬಿಡುತ್ತೇನೆ. ನನಗೆ ಯಾರೂ ಬೇಕಾಗಿಲ್ಲ.

೨೨ ಮಾರ್ಚ್, ಗುರುವಾರ, ನಸುಕು

ಗುಳಿಗೆ ನುಂಗಿದೆ. ತಪ್ಪಿಸಬೇಡಿ ಎಂದಿದ್ದರಲ್ಲ, ತಪ್ಪಿಸಿಲ್ಲ. ಉಪವಾಸ ಇರುವುದರಿಂದ ಸಕ್ಕರೆ ತಿನ್ನುವ ಪ್ರಶ್ನೆಯೇ ಇಲ್ಲ. ಬ್ಯಾನಿಗೂ ಒಳ್ಳೆಯದು, ಹೋರಾಟಕ್ಕೂ ಒಳ್ಳೆಯದು. ಹೊರಟೆ.

೨೬ ಮಾರ್ಚ್, ಸೋಮವಾರ, ದವಾಖಾನೆ

ಗುರುವಾರದ್ದು ನನಗೆ ಅರ್ಧ ಮಾತ್ರ ನೆನಪಿದೆ. ಉಳಿದದ್ದನ್ನು ಭೀಮಶ್ಯಾ ಹೇಳಿದ.

ಮಧ್ಯಾಹ್ನದ ತನಕ ಚೆನ್ನಾಗಿಯೇ ಘೋಷಣೆ ಕೂಗಿದೆನಂತೆ. ಆಮೇಲೆ ಮೈ ಬೆವರಿ ಸೀರೆ ತೊಯ್ದು ಹೋಯಿತು, ಕೈ ಗಡಗಡ. ಶಂಕ್ರೆಪ್ಪ ಕಾಕಾನನ್ನು ತಹಶೀಲ್ದಾರನೆಂದು ತಿಳಿದು ಅಂಗಿ ಹಿಡಿದು ಜಗ್ಗಿದೆನಂತೆ. ಕಚೇರಿಯ ಗುಮಾಸ್ತರು ಕಿಟಕಿಯಲ್ಲಿ ನಿಂತು "ಕುಡದು ಬಂದಾಳ" ಎಂದು ನಕ್ಕರಂತೆ. ನಮ್ಮವರು ನಿಂಬೆ ನೀರೂ ಕೊಡಲಿಲ್ಲ. ಕೊಟ್ಟರೆ ಉಪವಾಸ ಮುರಿಯುತ್ತದಲ್ಲ! ನಾನೇ ಹೇಳಿಟ್ಟಿದ್ದೆ, ಸತ್ತರೂ ಬಾಯಿಗೆ ಏನೂ ಹಾಕಬೇಡಿ ಎಂದು. ಆಮೇಲೆ ಬಿದ್ದೆ. ಮುದ್ದೇಬಿಹಾಳಕ್ಕೆ ಲಾರಿ ಹತ್ತಿ ಹೊರಟಿದ್ದ ಭೀಮಶ್ಯಾನಿಗೆ ಯಾರೋ ಓಡಿಬಂದು ಹೇಳಿದರು. ಲಾರಿ ಬಿಟ್ಟು ಬಂದವನು ನನ್ನನ್ನು ಬೆನ್ನಿಗೆ ಹಾಕಿಕೊಂಡು ದವಾಖಾನೆಗೆ ಓಡಿದ.

"ಜ್ವಾಳದ ಚೀಲಕ್ಕಿಂತ ಹಗೂರ ಇದ್ದಿ," ಎಂದ. "ಚೀಲ ಆದ್ರ ಬೈಯೂದಿಲ್ಲ. ನೀ ದಾರಿತುಂಬ ಬೈದಿ."

ನರಕ್ಕೆ ಸಕ್ಕರೆ ನೀರು ಏರಿಸಿದ ಮೇಲೆ ಕಣ್ಣು ಬಿಟ್ಟೆ. ಡಾಕ್ಟರು ಮೈಸೂರು ಕಡೆಯವರು. ಅವರ ಸಿಟ್ಟೂ ಮೆತ್ತಗೆ.

"ಈ ಗುಳಿಗೆ ರಕ್ತದಲ್ಲಿರೋ ಸಕ್ಕರೆ ಇಳಿಸುತ್ತೆ. ನುಂಗಿ ಊಟ ಬಿಟ್ಟರೆ ಇರೋದೂ ಹೋಗುತ್ತೆ, ಪ್ರಾಣಾನೂ ಹೋಗುತ್ತೆ. ಯಾರ ಮೇಲಮ್ಮಾ ಇಷ್ಟು ಸಿಟ್ಟು ನಿಮಗೆ?"

"ಸರಕಾರದ ಮ್ಯಾಲ್ರಿ."

"ಸರ್ಕಾರ ಆರಾಮಾಗಿದೆ. ಬಿದ್ದಿದ್ದು ನೀವು."

ನಾನು ಗೋಡೆ ನೋಡಿದೆ.

"ಕಾಯಿಲೆ ಬಂದಾಗಿನಿಂದ ಹೆದರಿಕೆ ಆಗಿದೆಯಾ? ಅಳು ಬರುತ್ತಾ? ಯಾರ ಹತ್ರಾನಾದ್ರೂ ಹೇಳ್ಕೊಂಡಿದ್ದೀರಾ?"

"ಹೇಳೂದೇನೈತ್ರಿ ಅದ್ರಾಗ."

"ಇದೆ. ಅದಕ್ಕೆ ಗುಳಿಗೆ ನನ್ನ ಹತ್ರ ಇಲ್ಲ. ಅದನ್ನ ನೀವು ಮನುಷ್ಯರ ಹತ್ರಾನೇ ತಗೋಬೇಕು."

ಅವರು ಮುಂದಿನ ಮಂಚಕ್ಕೆ ಹೋದರು. ನಾನು ಅತ್ತೆ. ದವಾಖಾನೆಯಲ್ಲಿ ಒಲೆ ಇರಲಿಲ್ಲ.

೨೭ ಮಾರ್ಚ್, ಮಂಗಳವಾರ

ಯಲ್ಲವ್ವ ಬಂದಳು. ಕೂಡ್ರಲಿಲ್ಲ, ಮಂಚದ ಕಾಲಿನ ಕಡೆ ನಿಂತಳು. ಸಂಘದವರು ಕಳಿಸಿರಬೇಕು ಎಂದುಕೊಂಡೆ. ಅಲ್ಲ, ತಾನೇ ಬಂದಿದ್ದಳು.

"ಬೈಯಾಕ ಬಂದೇನಿ," ಎಂದಳು. "ಆದ್ರ ಬಿದ್ದಾಕಿಗೆ ಬೈದ್ರ ನಾಳೆ ಮಂದಿ ನನಗ ಬೈತಾರ. ಮೊದಲ ಎದ್ದು ಕುಂದ್ರು."

ಎದ್ದು ಕೂತೆ. ಹೇಳಿದೆ. ನೀಲಿ ಔಷಧ, ಇಟ್ಟಿಗೆ ಬಣ್ಣ, ಗುಳಿಗೆ, ಆವತ್ತು ಅವಳ ಮನೆಯಲ್ಲಿ ಹೊಟ್ಟೆ ತೊಳಸಿದ್ದು. ಸಾಹುಕಾರರ ಬ್ಯಾನಿ ಎಂದು ನಾಚಿಕೆಯಾಗಿ ಮುಚ್ಚಿಟ್ಟೆ ಎಂದೆ. ಯಲ್ಲವ್ವನ ಮುಖ ಮೆತ್ತಗಾಗುತ್ತದೆ ಎಂದು ಕಾಯುತ್ತಿದ್ದೆ. ಇನ್ನೂ ಬಿರುಸಾಯಿತು.

"ನನ್ನ ತಮ್ಮ ಕಾಳಪ್ಪನ ನೋಡಿದ್ದೆಲ್ಲ ನೀ. ಕೊಡ ಕೊಡ ನೀರು ಕುಡೀತಿದ್ದ. ಮೈ ಒಣಗಿ ಕಟಗಿ ಆತು. ಮಾಟ ಅಂದ್ರು, ದೇವರ ಕಾಟ ಅಂದ್ರು, ಕೋಳಿ ಕೊಯ್ಸಿದ್ರು. ಕಡೀಕ ಇದ ದವಾಖಾನಿಗಿ ತಂದ್ವಿ. ಇದ ಸಕ್ಕರಿ ಬ್ಯಾನಿ, ತಡಾ ಮಾಡಿ ತಂದ್ರಿ ಅಂದ್ರು. ಹೊಳ್ಳಿ ಹೆಣಾನ ಒಯ್ದೆ. ಅವಗ ಯಾವ ಸಾಹುಕಾರಿ ಇತ್ತು ಹೇಳು? ಎರಡು ಹೊತ್ತು ರೊಟ್ಟಿ ಇರಲಿಲ್ಲ."

"ನನಗ ಗೊತ್ತಿರಲಿಲ್ಲ ಯಲ್ಲವ್ವ."

"ಹೆಂಗ ಗೊತ್ತಾಗ್ತೈತಿ? ನಾನೂ ಹೇಳಲಿಲ್ಲ. ದೇವರ ಕಾಟದಾಗ ಸತ್ತ ಅಂದ್ರ ಮಂದಿ ಕೈ ಮುಗೀತಾರ. ಸಕ್ಕರಿ ಬ್ಯಾನಿ ಅಂದ್ರ ನಗತಾರ, ಏನ್ ಹೋಳಿಗಿ ತಿಂದ ಸತ್ನೇನು ಅಂತ. ಅದಕ್ಕ ಬಾಯಿ ಮುಚ್ಚಿದೆ."

ಪಕ್ಕದ ಮಂಚದ ಮುದುಕಿ ನಮ್ಮಿಬ್ಬರನ್ನೂ ಬಾಯಿ ತೆರೆದು ನೋಡುತ್ತಿದ್ದಳು.

"ಚಾ ಬ್ಯಾಡ ಅನ್ನೂದು ಬಿಟ್ಟು, ಸಕ್ಕರಿ ಬ್ಯಾಡ ಅಂದಿದ್ರ ನಿನ್ನ ಗಂಟು ಏನು ಹೋಗ್ತಿತ್ತು?" ಎಂದಳು ಯಲ್ಲವ್ವ. "ಓಣಿ ಮಂದಿ ಮುಂದ ನನ್ನ ಮೂಗು ಕೊಯ್ದಿ. ಅಕ್ಕಾ ಅಕ್ಕಾ ಅಂತ ತಲಿ ಮ್ಯಾಲ ಕೂಡಿಸ್ಕೊಂಡಿದ್ಯಲ್ಲ, ನೋಡು ಅಂದ್ರು. ನಾ ಒಬ್ಬಾಕಿ ತಿಳಕೊಂಡ್ರ ಸಾಲೂದಿಲ್ಲ. ಎಲ್ಲಾರ ಮುಂದ ಹೇಳು. ಆಮ್ಯಾಲ ನಮ್ಮ ಓಣಿ ಬರ್ತೈತೋ ಇಲ್ಲೋ ನೋಡೂಣು."

ಹೋಗುವಾಗ ಸೆರಗಿನಿಂದ ಎರಡು ಬಿಸಿ ರೊಟ್ಟಿ ತೆಗೆದು ಮಂಚದ ಮೇಲಿಟ್ಟಳು. ಹೊತ್ತಿಗೆ ಸರಿಯಾಗಿ ಉಂಡೆ.

೧ ಏಪ್ರಿಲ್, ರವಿವಾರ

ಸಭೆಗೆ ಮೊದಲು ಶಂಕ್ರೆಪ್ಪ ಕಾಕಾ ನನ್ನನ್ನು ಅಂಗಡಿಯ ಹಿಂದೆ ಕರೆದು ಹೇಳಿದರು:

"ಏನೂ ಹೇಳಬ್ಯಾಡ ತಂಗಿ. ಉಪವಾಸದಾಗ ಬಿದ್ದಾಕಿ ಅಂತ ನಿನ್ನ ಹೆಸರು ಬಾಗೇವಾಡಿ ತನಕ ಹಬ್ಬೈತಿ. ತಹಶೀಲ್ದಾರ ಹೆದರ್ಯಾನ. ಬ್ಯಾನಿ ಇತ್ತು, ಗುಳಿಗಿ ನುಂಗಿ ಬಿದ್ದಾಳಂತ ಗೊತ್ತಾದ್ರ ನಗತಾನ. ನಮ್ಮ ಹೋರಾಟ ನೀರಿಗಿ ಹೋಗ್ತೈತಿ."

"ಕಾಕಾ, ಸುಳ್ಳಿನ ಮ್ಯಾಲ ನಿಂತದ್ದು ಎಂದಾರ ಹೋಗೂದ. ಇವತ್ತ ಹೋಗ್ಲಿ."

"ನಿಂದು ಬಾಯಿ ಅಲ್ಲ, ಕುಡಗೋಲು!"

"ಹೌದ್ರಿ. ನೀವ ಮಸದದ್ದು."

ಯಲ್ಲವ್ವ ತನ್ನ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದು ಬಾಗಿಲಲ್ಲೇ ನಿಂತಿದ್ದಳು. ಒಳಗೂ ಇಲ್ಲ, ಹೊರಗೂ ಇಲ್ಲ. ನಾನು ನಿಂತು ಹೇಳಿದೆ. ನನಗೆ ಸಕ್ಕರೆ ರೋಗ ಇದೆ. ಯಲ್ಲವ್ವನ ಮನೆಯಲ್ಲಿ ಸುಳ್ಳು ಹೇಳಿದೆ, ಜಾತಿಗಾಗಿ ಅಲ್ಲ, ನಾಚಿಕೆಗಾಗಿ. ಕಚೇರಿ ಮುಂದೆ ಬಿದ್ದದ್ದು ಹಟದಿಂದ, ತ್ಯಾಗದಿಂದ ಅಲ್ಲ. ಒಂದು ತಿಂಗಳಿಂದ ಹೆದರಿಕೊಂಡು ಬದುಕಿದ್ದೇನೆ, ಹೆದರಿಕೆಯನ್ನು ಸಿಟ್ಟು ಎಂದು ನಿಮಗೆ ಮಾರಿದ್ದೇನೆ. ಭಾಷಣ ಮಾಡಿ ರೂಢಿಯಿದ್ದರೂ ನಡುವೆ ನಿಲ್ಲಿಸಿ ನೀರು ಕೇಳಿದೆ. ಅಬ್ದುಲಗನಿ ಎದ್ದು ಕೊಟ್ಟ.

ಆಮೇಲೆ ಜಗಳ ಸುರುವಾಯಿತು. ಕಾಕಾ ಹೇಳಿದ್ದು: ನಿಯಮ ನಿಯಮವೇ. ಕೊಟ್ಟದ್ದು ಕುಡಿಯಬೇಕು. ಇವತ್ತು ಸಕ್ಕರೆ ಬೇಡ ಅಂದವರು ನಾಳೆ ಹಾಲು ಬೇಡ ಅಂತಾರೆ, ನಾಡಿದ್ದು ಮನೆಯೇ ಬೇಡ ಅಂತಾರೆ.

ಯಲ್ಲವ್ವ ಬಾಗಿಲಿನಿಂದಲೇ ಗುಡುಗಿದಳು. "ಏ ಕಾಕಾ, ನಿನಗ ಹಲ್ಲಿಲ್ಲ. ನಮ್ಮ ಮನ್ಯಾಗ ಕಡ್ಲಿ ಕೊಟ್ರ ತಿಂತೀಯೇನು? ತಿನ್ನೂದಿಲ್ಲ. ಎಂದಾರ ನಾ, ಕಾಕಾ ಜಾತಿ ಮಾಡ್ದ ಅಂದೇನೇನು?"

ಸಭೆ ಬಿದ್ದು ಬಿದ್ದು ನಕ್ಕಿತು. ಕಾಕಾ ಸಹ ಬೋಳು ಬಾಯಿ ತೆರೆದು ನಕ್ಕರು. ಕೈ ಎತ್ತಿಸಿ ಠರಾವು ಪಾಸು ಮಾಡಿದೆವು: ಸಂಘದವರು ಯಾರ ಮನೆಯಲ್ಲೂ ಚಹಾ ನಿರಾಕರಿಸಬಾರದು. ರೋಗವಿದ್ದವರು ಸಕ್ಕರೆ ಹಾಕುವ ಮೊದಲು ತಮ್ಮ ಪಾಲು ಕೇಳಿ ಪಡೆಯಬೇಕು. ಕಾರಣವನ್ನು ಬಾಯಿ ಬಿಟ್ಟು ಹೇಳಬೇಕು.

"ಉಳದ ಸಕ್ಕರಿ ನನಗ," ಎಂದ ಅಬ್ದುಲಗನಿ. ಅದು ಪಾಸಾಗಲಿಲ್ಲ.

ಯಲ್ಲವ್ವ ಒಳಗೆ ಬಂದು ಕೂತಳು. ರಾಜೀನಾಮೆ ಕೊಡುವುದು ಮರೆತೇ ಹೋಯಿತು. ನಾಳೆಯಿಂದ ಎರಡೂ ಓಣಿ ಕೂಡಿಯೇ ಕಚೇರಿ ಮುಂದೆ ಕೂಡ್ರುತ್ತವೆ. ನಾನು ಉಂಡು ಕೂಡ್ರುತ್ತೇನೆ. ಘೋಷಣೆ ಕೂಗುವವರೂ ಬೇಕಲ್ಲ.

೫ ಏಪ್ರಿಲ್, ಗುರುವಾರ

ಮೂರು ದಿನ ಎರಡು ಓಣಿಯ ಹೆಂಗಸರು ಕಚೇರಿಯ ಮೆಟ್ಟಿಲು ಬಿಡಲಿಲ್ಲ. ಗುಮಾಸ್ತರು ನಮ್ಮನ್ನು ದಾಟಿ ಹೋಗಬೇಕಾಯಿತು, ದಾಟುವಾಗ ಮುಟ್ಟಬೇಕಾಯಿತು. ತಹಶೀಲ್ದಾರರು ಇವತ್ತು ಜೀಪು ತಂದರು. ಗೂಡಿನ ಗ್ಲಾಸುಗಳು ಹೋದವು. ನಾವು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆವು. ಯಲ್ಲವ್ವ ನನ್ನ ಮಗ್ಗುಲಿಗೆ.

ಹೊಟೇಲ ಸಂಗಣ್ಣ ಎಲ್ಲರಿಗೂ ಕಪ್ಪುಬಸಿ ತಂದಿಟ್ಟ. ಎಲ್ಲರೂ ಎತ್ತಿದರು. ನಾನು ಎತ್ತಲಿಲ್ಲ. ಹೊಟೇಲಿನ ಪಾತೇಲಿಯಲ್ಲಿ ಸಕ್ಕರೆ ಮೊದಲೇ ಕುದಿದಿರುತ್ತದೆ, ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಇಡೀ ಊರು ಬಾಗಿಲಲ್ಲಿ ನಿಂತು ನೋಡುತ್ತಿದೆ. ಒಂದು ಗುಟುಕು ಕುಡಿದುಬಿಡಲೇ ಎಂದು ಕೈ ಚಾಚಿದೆ. ಹಿಂದಕ್ಕೆ ತಂದೆ.

"ಸಂಗಣ್ಣ, ನನಗ ಸಕ್ಕರಿ ಬ್ಯಾನಿ ಐತಿ. ಸಕ್ಕರಿ ಇಲ್ಲದ್ದು ಬೇಕು."

ಅವನಿಗೆ ಬೇಕಾಗಿದ್ದ ನೆಪ ಸಿಕ್ಕಿತು. ಊರಿಗೆಲ್ಲ ಕೇಳುವ ಹಾಗೆ ಅಂದ, "ನೋಡ್ರಿ ಸಾಹೇಬರ! ಇಷ್ಟು ದಿನ ಬ್ಯಾರೆ ಗ್ಲಾಸು ಬ್ಯಾಡ ಅಂತ ಕುಣದ್ರು. ಈಗ ಬ್ಯಾರೆ ಪಾತೇಲಿ ಬೇಕಂತ!"

ಬಾಗಿಲಲ್ಲಿ ನಗೆ ಎದ್ದಿತು. ಮೊದಲಾಗಿದ್ದರೆ ಕಪ್ಪು ಅವನ ಮುಖಕ್ಕೆ ಹೋಗುತ್ತಿತ್ತು. ಸಿಟ್ಟು ಬಂತು, ಆದರೆ ಈ ಸಲ ಯಾರ ಮೇಲೆ ಎಂದು ನನಗೆ ಸ್ಪಷ್ಟ ಗೊತ್ತಿತ್ತು.

"ಬ್ಯಾರೆ ಪಾತೇಲಿ ಅಲ್ಲೋ ಸಂಗಣ್ಣ. ಅದ ಪಾತೇಲಿ, ಅದ ಹಾಲು, ಅದ ಕಪ್ಪು. ಇನ್ನೊಂದು ಕಾಸು. ಸಕ್ಕರಿ ಹಾಕೂಕಿಂತ ಮೊದಲ ನಂದು ತಗೀ. ನಾ ಮುಟ್ಟಿದ್ದು ಹೊಲಸು ಅಂತ ಬ್ಯಾರೆ ಇಡೂದು ಒಂದು, ಬ್ಯಾನಿ ಐತಂತ ಕೇಳಿ ಕೊಡೂದು ಒಂದು. ನಿನಗ ಅದು ತಿಳಿಯದಿದ್ರ ಇಲ್ಲೇ ಕುಂದರ್ತೇನಿ, ತಿಳಿಯೂ ತನಕ."

ಸಾಹೇಬರು ಗಡಿಯಾರ ನೋಡಿಕೊಂಡರು. ಸಂಗಣ್ಣ ಪಾತೇಲಿ ತೊಳೆದು ಮತ್ತೆ ಒಲೆಗಿಟ್ಟ. ಆಗ ಮೂಲೆಯ ಬೆಂಚಿನಿಂದ ಒಂದು ದನಿ ಬಂತು.

"ಸಂಗ್ಯಾ, ನಂದೂ ಹಂಗ ತಗೀ."

ಮೇಲಿನ ಓಣಿಯ ರೇವಣಪ್ಪ. ಕುರಿ ಹಿಂಡಿನ ಧಣಿ, ಊರಲ್ಲಿ ದೊಡ್ಡ ಮಾತಿನವನು. ಎಲ್ಲರ ತಲೆ ಆ ಕಡೆ ತಿರುಗಿತು.

"ಏನ್ ನೋಡ್ತೀರಿ? ನನಗೂ ಐತಿ. ಎರಡು ವರ್ಷ ಆತು. ಮನ್ಯಾಗ ಹೇಳಿಲ್ಲ."

ಸಕ್ಕರೆ ಇಲ್ಲದ ಚಹಾ ಕಹಿ. ಸುಳ್ಳು ಯಾಕೆ ಬರೆಯಲಿ. ಪೂರಾ ಕುಡಿದೆ. ರೇವಣಪ್ಪ ನಮ್ಮ ಬೆಂಚಿಗೆ ಬರಲಿಲ್ಲ, ತನ್ನ ಮೂಲೆಯಲ್ಲೇ ಕುಡಿದು ಹೋದ. ರೋಗ ಒಂದೇ ಆದರೆ ಜಾತಿ ಹೋಗುತ್ತದೆ ಎಂದು ನಂಬುವಷ್ಟು ಹುಚ್ಚಿ ನಾನಲ್ಲ.

ನಾಳೆ ಸಾಹೇಬರ ಜೀಪು ಇರುವುದಿಲ್ಲ. ನಾಳೆಯೂ ಹೋಗುತ್ತೇವೆ.

೧೧ ಏಪ್ರಿಲ್, ಬುಧವಾರ

ನಿನ್ನೆ ಸಂಜೆ ಹಿಮ್ಮಡಿಯಲ್ಲಿ ಮುಳ್ಳು ಮುರಿದಿರುವುದು ಕಂಡಿತು. ಯಾವಾಗ ಚುಚ್ಚಿತೋ ಗೊತ್ತೇ ಆಗಿಲ್ಲ. ಕಾಲು ಕೊಯ್ಯುತ್ತಾರೆ ಎಂಬ ಮಾತು ಎಲ್ಲೋ ಕೇಳಿದ್ದು ತಲೆಗೆ ಹತ್ತಿತು. ಭೀಮಶ್ಯಾ ಇಂಡಿಗೆ ಹೋಗಿದ್ದ. ಸೀದಾ ಯಲ್ಲವ್ವನ ಮನೆಗೆ ಹೋಗಿ, "ಹೆದರಿಕಿ ಆಗೈತಿ, ಸ್ವಲ್ಪ ಕುಂದರ್ತೇನಿ" ಎಂದೆ. ಅವಳು ಏನೂ ಕೇಳಲಿಲ್ಲ. ಕಾಲು ತೊಳೆದು, ದೀಪ ಹತ್ತಿರ ಹಿಡಿದು ಮುಳ್ಳು ತೆಗೆದಳು. ಬೆಳಿಗ್ಗೆ ಇಬ್ಬರೂ ದವಾಖಾನೆಗೆ ಹೋದೆವು. ಡಾಕ್ಟರು ಮುಲಾಮು ಕೊಟ್ಟು, ಹೀಗೆಯೇ ಬರುತ್ತಿರಿ ಎಂದರು. ದಾರಿಯಲ್ಲಿ ನಕ್ಕದ್ದೇ ಹೆಚ್ಚು.

ದವಾಖಾನೆಯ ಪಡಸಾಲೆಯಲ್ಲಿ ನೀಲಿ ಔಷಧದ ಸಾಲಿನಲ್ಲಿ ಕೂತವರನ್ನು ಇವತ್ತು ಮಾತಾಡಿಸಿದೆ. ಅಂಚೆಯ ನಿಜಾಮುದ್ದೀನ ಚಾಚಾ, ಹೊಲದ ಕೆಲಸದ ಶಂಕ್ರೆವ್ವ. ಇಬ್ಬರೂ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಶಂಕ್ರೆವ್ವ ಹೇಳಿದಳು, "ರಾತ್ರಿ ಗೋಡಿ ಕಡೆ ಮಕ ಮಾಡಿ ಅಳತೇನ್ರಿ ಅಕ್ಕೋರ." ಒಬ್ಬೊಬ್ಬರೇ ಅಳುವುದು ಸಾಕು. ಇದಕ್ಕೂ ಒಂದು ಸಭೆ ಬೇಕು. ಗುಳಿಗೆ ಹಂಚುವುದಕ್ಕಲ್ಲ, ಭಾಷಣಕ್ಕಲ್ಲ. ಹೆದರಿಕೆ ಇದ್ದವರು ಹೆದರಿಕೆ ಹೇಳಲಿ, ಸಿಟ್ಟಿದ್ದವರು ಯಾರ ಮೇಲೆ ಎಂದು ಹೇಳಲಿ, ಅಳುವವರು ಮುಖ ಈ ಕಡೆ ಮಾಡಿ ಅಳಲಿ.

ರೇವಣಪ್ಪ ಹೇಳಿ ಕಳಿಸಿದ್ದಾನೆ, ಸಭೆ ಆಗುವುದಾದರೆ ತನ್ನ ತೋಟದಲ್ಲಿ ಆಗಲಿ, ನಾವು ಮರದ ಕೆಳಗೆ, ತಾನು ಮಂಚದ ಮೇಲೆ. ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಬಾಲವಾಡಿಯ ಅಂಗಳ, ಒಂದೇ ಜಮಖಾನೆ. ಬಂದರೆ ಬರಲಿ, ಜಾಗ ಇಟ್ಟಿರುತ್ತೇವೆ.

ಬಾಲವಾಡಿ ಗೋಡೆಯ ಮೇಲೆ, ಮಕ್ಕಳಿಗೆ ಬರೆದು ತೋರಿಸುವ ಖಡುವಿನಲ್ಲಿ ನಾನೇ ಬರೆದೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಷ್ಟು ದೊಡ್ಡದಾಗಿ: ಸಕ್ಕರೆ ರೋಗ ಇದ್ದವರ ಕೂಟ. ಎಲ್ಲ ಓಣಿಯವರೂ ಬರಬೇಕು. ಉಂಡೇ ಬರಬೇಕು. ಏಪ್ರಿಲ್ ಹದಿನಾರು, ಸೋಮವಾರ, ಮುಂಜಾನೆ ಹತ್ತು ಗಂಟೆಗೆ.